ಏನಿಲ್ಲ ಅಂತ ಬರೆದ ಚೀಟಿ

ಟೆಂಟು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ದರ್ಜಿ ಕೂತು ಇಪ್ಪತ್ತಾರು ವರ್ಷವಾಗಿತ್ತು. ಕೋಣೆಗೆ ಒಂದೇ ಕಿಟಕಿ, ಅದರ ಕೆಳಗೆ ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ಮಡಿಸಿಟ್ಟ ಟೆಂಟುಗಳು. ಬೆಟ್ಟಕ್ಕೆ ಹೋಗಿಬಂದವರು ಟೆಂಟನ್ನು ಹೇಗೋ ಸುತ್ತಿ ಎಸೆದು ಹೋದ ಮೇಲೆ ಅವನ ಕೆಲಸ ಶುರು. ಬಿಚ್ಚಿ ಹರವುವುದು, ಹೊಲಿಗೆಯ ಉದ್ದಕ್ಕೂ ಬೆರಳಾಡಿಸುವುದು, ಹರಿದಲ್ಲಿ ತೇಪೆ ಹಾಕುವುದು, ಹಟ ಹಿಡಿದ ಜಿಪ್ಪಿಗೆ ಮೇಣ ತಿಕ್ಕುವುದು. ಕೊನೆಗೆ ಒಂದು ರಟ್ಟಿನ ಚೀಟಿಯಲ್ಲಿ ಅದು ಹೋಗಿಬಂದ ಜಾಗವನ್ನೂ ಅದಕ್ಕೆ ಆದ ಕಾಯಿಲೆಯನ್ನೂ ಬರೆದು ದಾರದಲ್ಲಿ ಕಟ್ಟುವುದು. ಕಾಯಿಲೆಗೆ ಒಂದೇ ಮಾತು: ಮುಳ್ಳು, ಕಿಡಿ, ಕೆಸರು, ಒದ್ದೆ. ಯಾವುದೂ ತಗಲದೆ ಬಂದಿದ್ದರೆ, ಏನಿಲ್ಲ.

ಬೆಟ್ಟದ ದಾರಿಯಲ್ಲಿ ಡೇರೆ ಹಾಕುವ ಜಾಗಗಳನ್ನು ಎಲ್ಲರೂ ತಿರುವಿನ ಲೆಕ್ಕದಲ್ಲೇ ಕರೆಯುತ್ತಿದ್ದರು. ಯಾವ ತಿರುವಿಗೆ ಹೋಗೋಣ ಅಂತ ಗಿರಾಕಿಗಳು ಕೇಳಿದರೆ ದರ್ಜಿ ಡಾಕ್ಟರ ಹಾಗೆ ಕನ್ನಡಕ ಏರಿಸಿ ಹೇಳುತ್ತಿದ್ದ. ಅವನು ಒಂದು ದಿನವೂ ಟೆಂಟಿನಲ್ಲಿ ಮಲಗಿದವನಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಮಿಷನ್ನುಗಳ ನಡುವೆ ಮೂವತ್ತು ವರ್ಷ ದುಡಿದವಳು. ಆ ಸದ್ದು ಅವಳ ಬಲಗಿವಿಯನ್ನು ಯಾವತ್ತೋ ನುಂಗಿತ್ತು. ಈಗ ಎಡಗಿವಿಯೂ ಕೈಕೊಡುತ್ತಿತ್ತು. ವರ್ಷ ಕಳೆಯುವುದರೊಳಗೆ ಅದೂ ಹೋಗುತ್ತದೆ, ಆಮೇಲೆ ಯಂತ್ರ ಇಟ್ಟುಕೊಂಡರೂ ಗೊರಗೊರ ಅಂತಷ್ಟೇ ಕೇಳೀತು ಅಂದಿದ್ದರು ಡಾಕ್ಟರು. ಅವಳು ಅಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇದೂ ಹೋಗೋದ್ರೊಳಗೆ ಒಂದ್ಸಲ ಹರಿಯೋ ನೀರು ಕೇಳ್ಬೇಕು ಕಣ್ರೀ. ಕೊಳಾಯಿದಲ್ಲ" ಅಂದಳು.

ಅವಳು ಏನನ್ನಾದರೂ ಕೇಳಿದ್ದೇ ಅಪರೂಪ. ದರ್ಜಿ ಅಂಗಡಿಯ ಯಜಮಾನಿಯ ಹತ್ತಿರ ಎರಡು ದಿನ ರಜೆ ಪಡೆದ. ವರ್ಷಕ್ಕೆ ಸಿಗುತ್ತಿದ್ದದ್ದೇ ಅಷ್ಟು. ಬೆಟ್ಟದ ನಕ್ಷೆಯಲ್ಲಿ ಹಳ್ಳದ ನೀಲಿ ಗೆರೆ ಎಲ್ಲ ತಿರುವುಗಳನ್ನೂ ಸವರಿಕೊಂಡೇ ಇಳಿದಿತ್ತು. ಹಾಗಾಗಿ ನೀರಿನ ಚಿಂತೆ ಅವನಿಗೆ ಇರಲಿಲ್ಲ, ಜಾಗ ಒಳ್ಳೆಯದಿದ್ದರೆ ಸಾಕಿತ್ತು. ಹಳೆಯ ಚೀಟಿಗಳ ಕಟ್ಟನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರವಿಕೊಂಡ. ತಟ್ಟೆ ಇಡಲು ಜಾಗವಿಲ್ಲದೆ ಹೆಂಡತಿ ನಿಂತೇ ಇದ್ದಳು. ಈ ಮನೆ ಹಿಡಿಯುವಾಗಲೂ ನೀವು ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ ಅಂತ ಕುಟುಕಿದಳು.

ಏಳನೇ ತಿರುವಿನ ಹತ್ತೊಂಬತ್ತು ಚೀಟಿಗಳಲ್ಲಿ ಹತ್ತೊಂಬತ್ತರಲ್ಲೂ 'ಒದ್ದೆ'. ಅದನ್ನು ಪಕ್ಕಕ್ಕೆ ತಳ್ಳಿದ. ಮೂರನೇ ತಿರುವಿನದು ಸಾಲಾಗಿ 'ಏನಿಲ್ಲ'. ಅವನ ಮುಖ ಅರಳಿತು. ಏಳನೇದಕ್ಕೆ ಹೋದವರೇ ಮತ್ತೆ ಮತ್ತೆ ಹೋಗುತ್ತಾರಲ್ಲ ದರ್ಜಿ, ಅಂತ ಮರುದಿನ ಅಂಗಡಿಯಲ್ಲಿ ಯಜಮಾನಿ ಅಂದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಜನರ ಬಾಯಿಗಿಂತ ಅವನಿಗೆ ತನ್ನ ಬೆರಳಿನ ಮೇಲೆ ನಂಬಿಕೆ.

ಮಧ್ಯಾಹ್ನ ಬಸ್ಸಿಳಿದು ನೋಡಿದರೆ ಮೂರನೇ ತಿರುವು ಅಂಗೈಯಷ್ಟು ಸಮ. ನೆಲಕ್ಕೆಲ್ಲ ಸಿಮೆಂಟು, ಗೂಟ ಹೊಡೆಯುವ ಕಷ್ಟವೂ ಬೇಡವೆಂದು ಕಬ್ಬಿಣದ ಬಳೆ ಕೂರಿಸಿದ್ದರು. ಒಂದು ಕಡೆ ಮಂಚ, ಹಾಸಿಗೆ, ಕನ್ನಡಿ ಇಟ್ಟ ಕೋಣೆಯಂಥ ದೊಡ್ಡ ಡೇರೆಗಳು. ಅವುಗಳ ದೀಪ, ಫ್ಯಾನಿಗೆಂದು ಹಿಂದೆ ಜನರೇಟರು ದಡದಡ ಬಡಿದುಕೊಳ್ಳುತ್ತಿತ್ತು. ಹೆಂಡತಿ ಎಡಗಿವಿಯನ್ನು ಅತ್ತ ಇತ್ತ ತಿರುಗಿಸಿದಳು. ಒಗೆಯುವ ಮಿಷನ್ನಿನ ಸದ್ದು ಇಲ್ಲಿಗೂ ಹಿಂಬಾಲಿಸಿ ಬಂತೇ ಅನ್ನುವ ಹಾಗಿತ್ತು ಅವಳ ಮುಖ.

ದರ್ಜಿ ಕಾವಲುಗಾರನನ್ನು ಹಳ್ಳ ಎಲ್ಲಿ ಅಂತ ಕೇಳಿದ. ತೋಳಿನಷ್ಟು ದಪ್ಪದ ಕರೀ ಪೈಪು ತೋರಿಸಿ, ಹಳ್ಳವನ್ನೆಲ್ಲ ಇದರೊಳಕ್ಕೇ ತಿರುಗಿಸಿದ್ದೇವೆ ಅಂದ ಅವನು. ಒಳ್ಳೆಯ ಮನುಷ್ಯ. ನೀರು ಬೇಕಿತ್ತಾ ಅಮ್ಮಾ ಅಂತ ಹೋಗಿ ಕೊಳಾಯಿ ತಿರುಗಿಸಿಯೇ ಬಿಟ್ಟ.

ಹೆಂಡತಿ ಕೊಳಾಯಿ ನೋಡಿದಳು, ಗಂಡನನ್ನು ನೋಡಿದಳು. ಅಂಗಡಿಯಿಂದ ತಂದಿದ್ದ ಅವರ ಟೆಂಟಿನ ಚೀಲಕ್ಕೆ ಹಿಂದಿನ ಸಲದ ಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಹಿಡಿದು ನಿಧಾನಕ್ಕೆ ಓದಿದಳು.

"ಏನಿಲ್ಲ ಅಂತ ನೀವೇ ಬರೆದಿದ್ದೀರಲ್ರೀ. ನಿಜವಾಗ್ಲೂ ಏನಿಲ್ಲ."

ಅವಳು ನಗುತ್ತಲೇ ಅಂದಳು. ಅದೇ ಅವನನ್ನು ಹೆಚ್ಚು ಚುಚ್ಚಿತು. ಇಪ್ಪತ್ತಾರು ವರ್ಷ ಅವನು ಬರೆದದ್ದು ಬಟ್ಟೆಗೆ ಏನಾಯಿತು ಅಂತ. ಅದರೊಳಗೆ ಮಲಗಿದವರಿಗೆ ಏನು ಸಿಕ್ಕಿತು ಅಂತ ಒಂದು ಚೀಟಿಯಲ್ಲೂ ಇರಲಿಲ್ಲ. ಹತ್ತೊಂಬತ್ತು ಸಲ 'ಒದ್ದೆ' ಅಂತ ಬರೆಯುವಾಗ, ಆ ಒದ್ದೆ ಎಲ್ಲಿಯದು ಅಂತ ತನಗೆ ಹೊಳೆಯಲೇ ಇಲ್ಲವಲ್ಲ ಅಂದುಕೊಂಡ. ಚೀಲ ಹೆಗಲಿಗೇರಿಸಿದ. ಮೇಲಕ್ಕೆ ಹೋಗುವ ಕೊನೆಯ ಬಸ್ಸು ನಾಲ್ಕಕ್ಕೆ.

ಏಳನೇ ತಿರುವಿನಲ್ಲಿ ಸಿಮೆಂಟೂ ಇಲ್ಲ, ದೀಪವೂ ಇಲ್ಲ. ಹಳ್ಳ ಬಂಡೆಯಿಂದ ಬಂಡೆಗೆ ಬಿದ್ದು ಹನಿ ಹಾರಿಸುತ್ತಾ ಇಳಿಯುತ್ತಿತ್ತು. ದರ್ಜಿಯ ಕಣ್ಣು ಅಭ್ಯಾಸಬಲದಿಂದ ಒಣನೆಲ ಹುಡುಕಿತು. ಅರವತ್ತು ಹೆಜ್ಜೆ ಮೇಲೆ ಸಿಕ್ಕಿತು ಕೂಡ. ಅವಳು ಅಲ್ಲಿ ನಿಂತು ತಲೆಯಾಡಿಸಿದಳು, ಕೇಳಿಸದು. ಹತ್ತು ಹೆಜ್ಜೆ ಇಳಿದರು, ಇಲ್ಲ. ಇನ್ನೂ ಇಳಿದರು. ಕಾಲಡಿ ಕರೀ ಮಣ್ಣು ಪಿಚಕ್ಕೆಂದಿತು. ನೀರಿಗೆ ಎರಡು ಮಾರು ಇದೆ ಅನ್ನುವಾಗ ಅವಳು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ನಿಂತುಬಿಟ್ಟಳು. ಆಮೇಲೆ ಕೈ ತೆಗೆದಳು. ಕೈ ಇಲ್ಲದೆಯೂ ಕೇಳುತ್ತಿತ್ತು.

ಇಂಥ ಕಡೆ ಟೆಂಟು ಹಾಕಿದವರನ್ನು ಅವನು ಬೆನ್ನ ಹಿಂದೆ ಬೈಯದ ದಿನವಿರಲಿಲ್ಲ. ಈಗ ಅಲ್ಲೇ ಗೂಟ ಹೊಡೆದ.

ಇನ್ನೂ ಬೆಳಕಿರುವಾಗಲೇ ಅವಳು ಒಳಗೆ ಹೋಗಿ ಮಲಗಿದಳು. ಮನೆಯಲ್ಲಿ ಅವನು ಮಲಗುವುದು ಯಾವಾಗಲೂ ಅವಳ ಎಡಕ್ಕೆ, ಮಾತು ಕೇಳಿಸಲಿ ಅಂತ. ಇಲ್ಲಿ ಅವಳು ಅವನನ್ನು ಬಲಕ್ಕೆ ತಳ್ಳಿದಳು. ಎಡಗಿವಿಯ ಪಕ್ಕ ಈಗ ಬಟ್ಟೆಯ ಗೋಡೆ, ಅದರಾಚೆ ಹಳ್ಳ. ಅವಳು ಕಣ್ಣು ಮುಚ್ಚಿರಲಿಲ್ಲ. ತುಟಿ ಸ್ವಲ್ಪ ತೆರೆದಿತ್ತು, ಯಾರೋ ಹೇಳುವುದನ್ನು ಅರ್ಧಕ್ಕೆ ತಡೆಯಬಾರದೆಂದು ಕೂತವರ ಹಾಗೆ.

ತಳದ ಹೊಲಿಗೆಯಿಂದ ತೇವ ಏರಿ ದರ್ಜಿಯ ಮೊಣಕೈ ತಣ್ಣಗಾಯಿತು. ಆ ಹೊಲಿಗೆ ಅವನದೇ. ಅವನು ಅಲುಗಾಡದೆ, ಅವಳ ಕೇಳದ ಕಿವಿಗೆ ಮೆಲ್ಲಗೆ ಹೇಳಿದ, "ಇದನ್ನೂ ತಪ್ಪಿಸಿಬಿಡ್ತಿದ್ದೆ ಕಣೇ ನಿನಗೆ."

ಕೆನ್ನೆಗೆ ಉಸಿರು ತಾಗಿರಬೇಕು. ಅವಳು ಇತ್ತ ತಿರುಗದೆಯೇ ಕೇಳಿದಳು, "ಏನಂದ್ರಿ?"

ದರ್ಜಿ ಅವಳಾಚೆಗೆ ಬಗ್ಗಿ, ಎಡಗಿವಿಯ ಹತ್ತಿರ ಬಾಯಿಟ್ಟು, "ಏನಿಲ್ಲ" ಅಂದ. ಬೇಗನೆ ಹಿಂದೆ ಸರಿದ. ಆ ಕಿವಿಗೆ ಇವತ್ತು ಬೇರೆ ಕೆಲಸವಿತ್ತು.