ಒಂದು ಗೇಣು ಲೇಸು

ಇವತ್ತು ದೊಡ್ಡಬಳ್ಳಾಪುರದಲ್ಲಿ ಟೈಲರ್ ಅಂಗಡಿ ಮುಂದೆ ಮೆಷಿನ್ ಎಣ್ಣೆಯ ವಾಸನೆ ಬಂತು. ಅಮ್ಮ ನೆನಪಾದಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕೊರಳಲ್ಲಿ ಟೇಪು, ತುಟಿಯಲ್ಲಿ ಸದಾ ಗುಂಡುಪಿನ್ನು.

ಪಕ್ಕದ ಮನೆಯ ಸುಮಾಳ ಡ್ಯಾನ್ಸಿಗೆ ಅಂಬ್ರೆಲಾ ಲಂಗ ಹೊಲಿದಿದ್ದಳು. ನೆಲಕ್ಕೆ ಹಾಸಿದರೆ ಪೂರ್ತಿ ವೃತ್ತ, ಅಡ್ಡಳತೆ ಒಂದೂವರೆ ಮೀಟರ್. ಅಂಚಿನ ಲೇಸನ್ನು ಲೆಕ್ಕ ಹಾಕಿ ತರುವ ಕೆಲಸ ನನ್ನದು. ಪೈ ಅಂದರೆ 3.14 ಎಂದು ಶಾಲೆಯಲ್ಲಿ ಕಲಿತಿದ್ದೆ. ಚಿಲ್ಲರೆ ಯಾಕೆಂದು ಅಡ್ಡಳತೆಯನ್ನು ಬರೀ ಮೂರರಿಂದ ಗುಣಿಸಿ, ನಾಲ್ಕೂವರೆ ಮೀಟರ್ ತಂದೆ.

ಹೊಲಿಯುತ್ತಾ ಬಂದರೆ ಒಂದು ಗೇಣು ಸಾಲಲಿಲ್ಲ. ಮತ್ತೆ ಓಡಿದೆ. ಅಂಗಡಿಯಲ್ಲಿ ಆ ಲೇಸು ಮುಗಿದಿತ್ತು. ಡ್ಯಾನ್ಸು ಅವತ್ತೇ ಸಂಜೆ.

“ಮೂರರ ಮುಂದೆ ಏನೋ ಇತ್ತಲ್ಲೇ, ಅದನ್ನೆಲ್ಲಿ ಬಿಟ್ಟೆ?” ಅಂದಳು ಅಮ್ಮ.

“ಚೂರೇ ಅಲ್ವಾ ಅಂದ್ಕೊಂಡೆ” ಅಂತ ಅತ್ತುಬಿಟ್ಟೆ.

ಅವಳು ಬೈಯಲಿಲ್ಲ. ಲೇಸು ಬಿಚ್ಚಿ, ಲಂಗದ ಅಂಚನ್ನು ಸುತ್ತಲೂ ಎರಡು ಬೆರಳಗಲ ಕತ್ತರಿಸಿದಳು. ವೃತ್ತ ಚಿಕ್ಕದಾಯಿತು, ಲೇಸು ಸರಿಯಾಗಿ ಕೂತಿತು. ಸಂಜೆ ಸುಮಾ ಸ್ಟೇಜಿನ ಮೇಲೆ ಗಿರಗಿರ ತಿರುಗಿದಳು. ಯಾರಿಗೂ ಗೊತ್ತಾಗಲಿಲ್ಲ.

ಈಗ ನಾನು ಗಣಿತದ ಟೀಚರ್. ಮಕ್ಕಳು ಪೈನ ಐವತ್ತು ಅಂಕಿ ಗಡಗಡ ಒಪ್ಪಿಸುತ್ತಾರೆ. ಶಭಾಷ್ ಅಂತೀನಿ. ಆಮೇಲೆ ಒಂದು ತಟ್ಟೆ, ಒಂದು ದಾರ ಕೊಟ್ಟು, “ಅಳೀರಿ” ಅಂತೀನಿ.