ಮಾಯಮ್ಮ ಆರಿಸಿ ತಂದ ಡಿಸ್ಕ್ ಡ್ರೈವು

ಕೆರಗೋಡಿನ ಕಡೆ ಯಾರ ಮನೆ ಮುಂದೆ ಮದುವೆ ಚಪ್ಪರ ಎದ್ದರೂ ಮೊದಲ ವೀಳ್ಯ ಹೋಗುತ್ತಿದ್ದದ್ದು ಮಾಯಮ್ಮನಿಗೆ. ಎಲೆ ಅಡಿಕೆಯನ್ನು ಮಡಿಲಿಗೆ ಹಾಕಿಸಿಕೊಂಡಳೆಂದರೆ ಮುಗಿಯಿತು. ಜ್ವರ ಬರಲಿ, ಬಸ್ಸು ಕೆಟ್ಟು ನಿಲ್ಲಲಿ, ಅರಿಶಿನ ಕುಟ್ಟುವ ಹೊತ್ತಿಗೆ ಅವಳ ದನಿ ಆ ಮನೆಯಲ್ಲಿ ಇದ್ದೇ ಇರಬೇಕು. ಒಂದು ಸಲ ಬಸ್ಸೇ ಇಲ್ಲದ ದಿನ ಕಬ್ಬಿನ ಗಾಡಿ ಹತ್ತಿ ಹೋಗಿ, ಸೀರೆಗೆ ಅಂಟಿದ ಸೋಗೆ ಕೊಡವಿಕೊಂಡು ಸೋಬಾನೆ ಪದ ಹಾಡಲು ಕೂತವಳು ಅವಳು. ಮಗ ದೇವರಾಜುವಿಗೆ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಸಂಸಾರ ಮಂಡ್ಯದ ಗುತ್ತಲಿಗೆ ಬಂದ ಮೇಲೂ ವೀಳ್ಯಗಳು ಹುಡುಕಿಕೊಂಡು ಬರುತ್ತಲೇ ಇದ್ದವು.

ಇಂಥವಳು ಆ ವರ್ಷ ಸಿಕ್ಕಿಹಾಕಿಕೊಂಡಳು.

ಕೆರಗೋಡಿನ ಬೋರಯ್ಯನ ಮಗಳ ಮದುವೆಗೆ ವೀಳ್ಯ ತೆಗೆದುಕೊಂಡಾಗಿತ್ತು. ಆಮೇಲೆ ಮಳವಳ್ಳಿಯಲ್ಲಿರುವ ತಂಗಿ ಚಲುವಮ್ಮ ತನ್ನ ಮೊಮ್ಮಗಳು ನಯನಳ ಮದುವೆಗೆ ಎಲೆ ಅಡಿಕೆ ಕಳಿಸಿದಳು. ಎರಡಕ್ಕೂ ನಡುವೆ ಬೇಕಾದಷ್ಟು ದಿನವಿತ್ತು. ಆದರೆ ಛತ್ರ ಸಿಗದೆ ಬೋರಯ್ಯ ಲಗ್ನ ಮುಂದಕ್ಕೆ ಹಾಕಿದ. ಎರಡು ಮನೆಯ ಚಪ್ಪರವೂ ಒಂದೇ ದಿನ, ಒಂದೇ ಹೊತ್ತಿಗೆ ಬಂದು ಕೂತಿತು.

"ಎರಡ್ ಮನೆ ವೀಳ್ಯ ಮಡ್ಲಿಗಾಕ್ಕೊಂಡ್ಯಲ್ಲ, ಈಗ ಎರಡ್ ಬಾಯಿ ಮಾಡ್ಕೊ," ಎಂದು ಗಂಡ ಮರಿಸಿದ್ದಯ್ಯ ಜಗಲಿಯಿಂದಲೇ ರೇಗಿಸಿದ.

"ಇರೋ ಒಂದ್ ಬಾಯ್ಗೇ ಎದ್ರುಕತೀಯ, ಸುಮ್ಕಿರು," ಎಂದಳು ಮಾಯಮ್ಮ. ಆಮೇಲೆ ಸೊಸೆ ನಾಗಶ್ರೀ ಕಡೆ ತಿರುಗಿ, "ಬೋರಣ್ಣನ ಮನೇದು ಮೊದ್ಲು ಇಸ್ಕೊಂಡಿದ್ದು ಕಣವ್ವ. ಅಲ್ಗೇ ಓಯ್ತೀನಿ. ತಂಗಿ ಮನೆ ಅಂತ ಅತ್ಲಾಗೆ ಓಡೋದ್ರೆ ನನ್ ಮಾತ್ಗೆ ಏನ್ ಮರ್ವಾದೆ?" ಎಂದಳು.

ತಂಗಿಗೆ ಫೋನು ಹೋಯಿತು. ಚಿಕ್ಕಂದಿನಿಂದಲೂ ಅಕ್ಕ ಹಾಡಿನ ಸೊಲ್ಲು ಎತ್ತಿದರೆ ತಂಗಿ ಅದನ್ನು ಹಿಡಿದು ಮರುಸೊಲ್ಲು ಹೇಳುತ್ತಿದ್ದವಳು. ಚಲುವಮ್ಮ ಪೂರ್ತಿ ಕೇಳಲೂ ಇಲ್ಲ. "ನೀ ಬರ್ದಿದ್ರೆ ನಮ್ಮನೇಲಿ ಹಾಡೇ ಬ್ಯಾಡ. ನಾನೂ ಬಾಯ್ ಬುಡಾಕಿಲ್ಲ," ಎಂದು ಫೋನಿಟ್ಟಳು.

ಆ ದಿನ ಮಾಯಮ್ಮ ಊಟಕ್ಕೆ ಕೂತು ಮುದ್ದೆ ಮುರಿದವಳು ಮುರಿದ ಹಾಗೇ ಕೂತಿದ್ದಳು. ವೀಳ್ಯ ತೆಗೆದುಕೊಂಡ ಮನೆಯಲ್ಲಿ ಅವಳ ದನಿ ಕೇಳಿಸದೆ ಹೋಗುವುದು ಇದೇ ಮೊದಲಾಗುತ್ತಿತ್ತು. ಅದನ್ನು ನೋಡಲಾರದೆ ನಾಗಶ್ರೀ ಬಾಯಿ ಬಿಟ್ಟಳು. ಮನೆಯಲ್ಲೇ ಲಗ್ನಪತ್ರಿಕೆ, ಅರ್ಜಿ ಟೈಪು ಮಾಡಿಕೊಡಲು ಅವಳ ಹತ್ತಿರ ಒಂದು ಹಳೆಯ ಕಂಪ್ಯೂಟರ್ ಇತ್ತು.

"ಅತ್ತೆ, ನಿಮ್ ಹಾಡ ಕಂಪ್ಯೂಟರ್‌ಗೆ ತುಂಬ್ಕೊಂಡು ಡಿಸ್ಕ್ ಮಾಡಣ. ಚಿಕ್ಕತ್ತೆ ಮನೇಲಿ ಡಿವಿಡಿ ಪ್ಲೇಯರ್ ಅದೆ, ನಾನೇ ತಗೊಂಡೋಗಿ ಹಾಕಿಸ್ತೀನಿ. ಆದ್ರೆ ನಮ್ ಡ್ರೈವು ಡಿಸ್ಕನ್ನ ಓದ್ತದೆ ಅಷ್ಟೆ, ಬರಿಯಾಕ್ ಬರಲ್ಲ."

"ನಂಗೆ ಎರಡೂ ಬರಾಕಿಲ್ಲ, ನಾನ್ ಬದುಕಿಲ್ವಾ? ಬರಿಯೋದನ್ನೇ ತರಣ ನಡಿ. ನಾನೇ ನೋಡಿ ತತ್ತೀನಿ."

ಮಂಡ್ಯದ ಕಂಪ್ಯೂಟರ್ ಅಂಗಡಿಗೆ ಮಾಯಮ್ಮ ಹೋದದ್ದು ಹೆಣ್ಣು ನೋಡಲು ಹೋದ ಹಾಗೆ. ಹೊಸ ರವಿಕೆ, ತಲೆಗೆ ಹೂವು. ಅಂಗಡಿಯ ಸುಹಾಸ್ ಎರಡು ಡಬ್ಬ ಬಿಚ್ಚಿ ಮುಂದಿಟ್ಟ. ಒಂದು ತೆಳ್ಳಗೆ, ಮಿರಮಿರ ಹೊಳೆಯುತ್ತಿತ್ತು.

"ಇದು ಹೊರಗಡೆಯೇ ಇರತ್ತೆ ಅಮ್ಮ. ವೈರು ಚುಚ್ಚಿದ್ರೆ ಆಯ್ತು."

"ಈಚೆ ಮನಗೋ ಸೊಸೆ ಬ್ಯಾಡ ಕಣಪ್ಪ. ಒಳೀಕೆ ಬಂದು ಬಾಳೋದನ್ನ ತೋರ್ಸು."

ಎರಡನೆಯದು ಒಳಗೆ ಕೂರುವಂಥದು. ಆದರೆ ಅದಕ್ಕೆ ಸಣ್ಣ ಕೇಬಲ್ಲು ಬೇಕು, ನಿಮ್ಮ ಹಳೆಯ ಕಂಪ್ಯೂಟರಿನಲ್ಲಿರುವುದು ಅಗಲ ಪಟ್ಟಿಯ ಕೇಬಲ್ಲು, ಒಂದಕ್ಕೊಂದು ಕೂಡಲ್ಲ ಎಂದ ಸುಹಾಸ್.

"ಎಷ್ಟ್ ಚೆಂದಾಗಿದ್ರೇನು, ನಮ್ಮನೆ ಸಂಬಂಧ ಕೂಡ್ದೇ ಓದ್ಮೇಲೆ? ಅಗಲ ಪಟ್ಟೀದು ಇಲ್ವಾ?"

ಸುಹಾಸ್ ನಗುತ್ತ ಅಟ್ಟದಿಂದ ಮೂರನೆಯ ಡಬ್ಬ ಇಳಿಸಿ ಧೂಳು ಹೊಡೆದ. "ಹಳೇ ಸ್ಟಾಕು. ಒಗ್ಗೋದೇನೋ ಒಗ್ಗತ್ತೆ. ಬರೆಯೋದು ಸ್ವಲ್ಪ ನಿಧಾನ."

"ನಿಧಾನವಾಗೇ ಬರೀಲಿ, ನಮಗೇನ್ ರೈಲ್ ತಪ್ಪೋಯ್ತದಾ? ಆದ್ರೆ ಒಂದ್ ಯೋಳು. ನಾನ್ ಸುಮ್ಕಿದ್ದಾಗ ಇದೂ ಸುಮ್ಕಿರ್ತದಾ? ಇಲ್ಲಾ ನಡುವೆ ತಾನೇ ಓಡೋಯ್ತದಾ?"

"ಏನು ತುಂಬಿಸ್ತೀರೋ ಅದೇ ಇರತ್ತೆ ಅಮ್ಮ. ಮಾತಿದ್ರೆ ಮಾತು, ಮೌನ ಇದ್ರೆ ಮೌನ."

"ಅಂಗಾದ್ರೆ ಇದೇ ನಮ್ಮನೆ ಹೆಣ್ಣು. ಕಟ್ಕೊಡು."

ಸುಮ್ಮನಿರುವ ಮಾತನ್ನು ಯಾಕೆ ಕೇಳಿದರು ಎಂದು ನಾಗಶ್ರೀಗೆ ತಿಳಿಯಲಿಲ್ಲ. ಕೇಳಿದರೆ ಅತ್ತೆ ಹೇಳುವವಳೂ ಅಲ್ಲ.

ಡ್ರೈವು ಕಂಪ್ಯೂಟರಿನೊಳಗೆ ಚೆನ್ನಾಗಿಯೇ ಕೂತಿತು. ಮೈಕು ಮುಂದಿಟ್ಟರೆ ಮಾಯಮ್ಮ ಮಾತ್ರ ಬಾಯಿ ತೆರೆಯಲೊಲ್ಲಳು. "ಚಪ್ಪರ ಇಲ್ಲ, ಹೆಣ್ಣಿಲ್ಲ. ಸುಮ್ಸುಮ್ನೆ ಯಾರಾರಾ ಸೋಬಾನೆ ಹಾಡ್ತಾರಾ?"

"ಹೆಣ್ಣ ನೀವೇ ನೋಡಿ ತಂದು ಮನೆ ತುಂಬಿಸ್ಕೊಂಡಿಲ್ವಾ ಅತ್ತೆ?" ಎಂದಳು ನಾಗಶ್ರೀ. ಮೇಜಿನ ಮೇಲೆ ಎರಡು ಕಬ್ಬಿನ ಜಲ್ಲೆ ನಿಲ್ಲಿಸಿ ಮಾವಿನ ಸೊಪ್ಪು ಕಟ್ಟಿದಳು. ಮಾಯಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡಿದಳು, ಮನಸಾರೆ ನಕ್ಕಳು. ಡ್ರೈವಿನ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು, ಚಾಪೆ ಹಾಸಿ ಕೂತಳು.

ಹಾಡಿದಳು. ಒಂದು ಸೊಲ್ಲು, ಆಮೇಲೆ ಸುಮ್ಮನೆ. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು, ತುಟಿ ಮುಚ್ಚಿತ್ತು. ಮತ್ತೊಂದು ಸೊಲ್ಲು, ಮತ್ತೆ ಸುಮ್ಮನೆ.

"ನಡುನಡುವೆ ಬರೀ ಖಾಲಿ ಅದೆ ಅತ್ತೆ. ಕತ್ತರ್ಸಿ ಜೋಡ್ಸ್ಬುಡ್ಲಾ?"

"ಮುಟ್ಟೀಯ ಜ್ವಾಕೆ! ಎಂಗದೋ ಅಂಗೇ ಬರಿ."

ಹಾಗೇ ಬರೆದದ್ದಾಯಿತು. ಚಪ್ಪರದ ದಿನ ಬೆಳಕು ಹರಿಯುವಾಗಲೇ ಅತ್ತೆ ಕೆರಗೋಡಿನ ಬಸ್ಸು ಹತ್ತಿದಳು. ಸೊಸೆ ಡಿಸ್ಕನ್ನು ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡು ಮದ್ದೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿ ಸೇರಿದಳು.

ಚಲುವಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ನಾಗಶ್ರೀಯನ್ನು ನೋಡಿ, "ನೀರ್ ಕೊಡ್ರವ್ವ ಅವ್ಳಿಗೆ," ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಒನಕೆಗೆ ಅರಿಶಿನದ ಕೊಂಬು ಕಟ್ಟಿ ಪೂಜೆಯಾಯಿತು. ನಯನ ಹಸೆಯ ಮೇಲೆ ಕೂತಳು. ನಾಗಶ್ರೀ ಡಿಸ್ಕು ಹಾಕಿ ಗುಂಡಿ ಒತ್ತಿದಳು.

"ಹೊಸಿಲ ದಾಟಿ ಬಾರೆ, ಹಸೆಯ ತುಂಬ ಕೂರೆ..."

ಚಪ್ಪರಕ್ಕೆ ಕಟ್ಟಿದ ಸ್ಪೀಕರಿನಿಂದ ಮಾಯಮ್ಮನ ದನಿ ಬಂತು. ಕೂತಿದ್ದವರೆಲ್ಲ ತಲೆ ಎತ್ತಿದರು. ಆಮೇಲೆ ಏನೂ ಇಲ್ಲ.

"ಕೆಟ್ಟೋಯ್ತೇನೋ," ಎಂದಳು ಒಬ್ಬಳು. ಇನ್ನೊಬ್ಬಳು, "ಮಂಡ್ಯದಿಂದ ಬಂದದೆ, ಸುಸ್ತಾಗದೆ ಕಣಮ್ಮ, ಅದಕ್ಕೂ ನೀರ್ ಕೊಡ್ರಿ," ಎಂದು ಎಲ್ಲರನ್ನೂ ನಗಿಸಿದಳು. ನಾಗಶ್ರೀ ಬಗ್ಗಿ ಪ್ಲೇಯರ್ ಓಡುತ್ತಿದೆಯೇ ಎಂದು ನೋಡಿದಳು. ಅಷ್ಟೂ ಜನರ ಮುಂದೆ ಅತ್ತೆ ಕೊಟ್ಟ ಮಾತು ತನ್ನ ಕೈಯಲ್ಲಿ ಹಾಳಾಗುತ್ತಿದೆ. ಕತ್ತರಿಸಿ ಜೋಡಿಸಿಬಿಡಬೇಕಿತ್ತು ಅನಿಸಿತು.

ಎರಡನೆಯ ಸೊಲ್ಲು ಬಂತು. ನಿಂತಿತು.

ಕಂಬದ ಕಡೆಯಿಂದ ಮೆಲ್ಲಗೆ ಇನ್ನೊಂದು ದನಿ ಎದ್ದಿತು. ಚಲುವಮ್ಮ ಕಣ್ಣು ಮುಚ್ಚಿಕೊಂಡು ಆ ಸೊಲ್ಲನ್ನು ಹಿಡಿದು ಎಳೆಯುತ್ತಿದ್ದಳು. ಅವಳು ಸೊಲ್ಲು ಮುಗಿಸುವುದಕ್ಕೂ ಸ್ಪೀಕರಿನಲ್ಲಿ ಅಕ್ಕ ಮುಂದಿನದನ್ನು ಎತ್ತುವುದಕ್ಕೂ ಒಂದು ಕೂದಲೆಳೆ ಹೆಚ್ಚು ಕಡಿಮೆ ಆಗಲಿಲ್ಲ.

ಮುಂದಿನ ಬಿಡುವಿನಲ್ಲಿ ಅವಳು ಕಣ್ಣು ತೆರೆದು ಹೆಂಗಸರನ್ನು ಗದರಿದಳು. "ಕೆಟ್ಟೋಗಿಲ್ಲ ಕಣ್ರೇ, ಅದು ನನ್ ಜಾಗ! ನಮ್ಮಕ್ಕ ನಂಗೆ ಅಂತ ಬುಟ್ಟವ್ಳೆ. ಕೂತ್ಕೊಂಡ್ ನೋಡ್ತೀರಲ್ಲ, ಹಿಡೀರಿ!"

ಆಮೇಲೆ ಚಪ್ಪರದ ಹೆಂಗಸರೆಲ್ಲ ಹಿಡಿದರು. ಒನಕೆ ಏಳುತ್ತಿತ್ತು, ಬೀಳುತ್ತಿತ್ತು. ಅತ್ತೆ ಅಂಗಡಿಯಲ್ಲಿ ಏನು ಕೇಳಿದ್ದಳು ಎನ್ನುವುದು ನಾಗಶ್ರೀಗೆ ಆಗ ಅರ್ಥವಾಯಿತು. ಡಿಸ್ಕು ಹಾಡುವುದೊಂದೇ ಸಾಲದು, ತಂಗಿ ಹಾಡುವಾಗ ಅದು ಕಾಯಬೇಕಾಗಿತ್ತು.

ಹಾಡು ಮುಗಿದ ಮೇಲೆ, ನೀರು ಕೊಡಿ ಎಂದಿದ್ದವಳೇ ಬಂದು, "ನಮ್ಮನೇಲೂ ಮದ್ವೆ ಅದೆ. ಇದ್ಯಾರವ್ವ ಮಾಡಿದ್ದು?" ಎಂದು ಕೇಳಿದಳು.

"ಹಾಡಿದ್ದು ನಮ್ಮತ್ತೆ. ಡ್ರೈವು ಆರಿಸಿದ್ದೂ ನಮ್ಮತ್ತೆ," ಎಂದಳು ನಾಗಶ್ರೀ. ಸೆರಗು ಸರಿಮಾಡಿಕೊಂಡು, "ಬರ್ದಿದ್ದು ನಾನು," ಎಂದೂ ಸೇರಿಸಿದಳು.

ಊಟದ ಹೊತ್ತಿಗೆ ಕೆರಗೋಡಿನಿಂದ ಫೋನು ಬಂತು. ಹಾಡಿ ಹಾಡಿ ಮಾಯಮ್ಮನ ಗಂಟಲು ಕಟ್ಟಿತ್ತು. "ಚಲುವಿ ಬಾಯ್ ಬುಟ್ಲಾ?"

"ಬುಟ್ರು ಅತ್ತೆ. ಇಡೀ ಚಪ್ಪರಾನೇ ಹಾಡ್ತು."

ಆ ಕಡೆ ಬೋರಯ್ಯನ ಮನೆಯ ಓಲಗ ಕೇಳುತ್ತಿತ್ತು.

"ಅಂಗಾದ್ರೆ ನಿಮ್ ಮಾವಂಗೊಂದ್ ಫೋನ್ ಮಾಡಿ ಯೋಳ್ಬುಡವ್ವ," ಎಂದಳು. "ಎರಡ್ ಬಾಯಿ ಮಾಡ್ಕೊಂಡ್ಳು ಅಂತ."