ಫ್ರೀಜರಿನೊಳಗಿನ ಮೀನು ಪೈ

ನನ್ನ ಅತ್ತೆ ಮಾವ ಇಂಗ್ಲೆಂಡಿನವರು. ನಾನು ಮಂಗಳೂರಿನ ಕೊಂಕಣಿ ಮನೆಯ ಹುಡುಗಿ. ಕುವೈತಿನ ಆಸ್ಪತ್ರೆಯೊಂದರ ಲ್ಯಾಬಿಗೆ ಕೆಲಸಕ್ಕೆಂದು ಬಂದವಳು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿದ್ದ ಇಂಗ್ಲಿಷ್ ಇಂಜಿನಿಯರನನ್ನು ಮದುವೆಯಾದೆ. ಅವನ ಜೊತೆಗೆ ಇವರಿಬ್ಬರೂ ಸಿಕ್ಕರು. ಮೊದಲ ಭೇಟಿಯಲ್ಲೇ, "ನಮ್ಮನ್ನು ಹೆಸರು ಹಿಡಿದೇ ಕರೆ" ಎಂದರು. ನನಗೆ ನಾಲಿಗೆ ಹೊರಳಲಿಲ್ಲ. ಅತ್ತೆಯನ್ನು ಹೆಸರಿನಿಂದ ಕರೆಯುತ್ತೇನೆಂದು ಗೊತ್ತಾದರೆ ನನ್ನ ಅಮ್ಮ ಮಂಗಳೂರಿನಿಂದ ವಿಮಾನ ಹತ್ತಿ ಬಂದು ಕಿವಿ ಹಿಂಡುತ್ತಿದ್ದಳು. ಕೊನೆಗೆ ನಮ್ಮ ಕೊಂಕಣಿ ರೂಢಿಯ ಹಾಗೆ ಮಾಂಯ್, ಮಾಂವ್ ಎನ್ನತೊಡಗಿದೆ. ಅವರ ಕಿವಿಗೆ ಎರಡೂ ಒಂದೇ. ಒಬ್ಬರನ್ನು ಕರೆದರೆ ಇಬ್ಬರೂ ತಿರುಗಿ ನೋಡುತ್ತಿದ್ದರು.

ಇಬ್ಬರಿಗೂ ಎಂಬತ್ತರ ಆಚೀಚೆ ವಯಸ್ಸು. ಅವರ ಊರಿನ ಚಳಿ ಅತ್ತೆಯ ಬೆರಳಿನ ಗಂಟುಗಳಿಗೆ ಆಗಿಬರುವುದಿಲ್ಲವೆಂದು ಆ ವರ್ಷ ಚಳಿಗಾಲಕ್ಕೆ ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲಾಟಿಗೇ ಕರೆಸಿಕೊಂಡೆವು. ಮಾವ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಎರಡು ಕಟ್ಟಡಗಳ ನಡುವೆ ಕಾಣುವ ಒಂದಿಷ್ಟು ಸಮುದ್ರ ನೋಡುತ್ತ ಕೂರುತ್ತಿದ್ದರು. ಎಲ್ಲ ಸರಿಯಾಗಿತ್ತು, ಊಟವೊಂದನ್ನು ಬಿಟ್ಟು. ಅತ್ತೆಗೆ ಹೊಟ್ಟೆಯ ಹುಣ್ಣು. ಡಾಕ್ಟರು ಖಾರ ಮುಟ್ಟಲೇಬಾರದೆಂದಿದ್ದರು. ನನಗೋ, ಮೆಣಸಿಲ್ಲದೆ ಒಲೆ ಹಚ್ಚಿದ ಅಭ್ಯಾಸವೇ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಅತ್ತೆಗೆ ದಿನವೂ ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮಾವ ಹೆಂಡತಿಗೆ ಜೊತೆ ಕೊಡಲೆಂದು ಅದನ್ನೇ ತಿಂದು, ನನ್ನ ಕೋಳಿ ಸಾರಿನ ಪಾತ್ರೆಯ ಕಡೆ ಕಳ್ಳನೋಟ ಬೀರುತ್ತಿದ್ದರು.

ಅಷ್ಟರಲ್ಲಿ ಊರಿನಲ್ಲಿ ಅಣ್ಣನ ಮಗಳ ಮದುವೆ ಬಂತು. ಎರಡು ವಾರ ರಜೆ ಹಾಕಿದೆ. ಅದೇ ಹೊತ್ತಿಗೆ ರಿಫೈನರಿಯಲ್ಲಿ ದುರಸ್ತಿಯ ಶಟ್‌ಡೌನ್ ಶುರುವಾಗಿ, ನನ್ನ ಗಂಡ ಬೆಳಗ್ಗೆ ಕತ್ತಲಲ್ಲಿ ಹೋದರೆ ಕತ್ತಲಾದ ಮೇಲೇ ಮನೆ ಸೇರುವಂತಾಯಿತು. ಅತ್ತೆಯ ಕೈ ನಡುಗುತ್ತದೆ, ಪಾತ್ರೆ ಎತ್ತಲಾಗುವುದಿಲ್ಲ. ಮಾವನಂತೂ ಆಯುಷ್ಯವಿಡೀ ಚಹಾ ಬಿಟ್ಟು ಇನ್ನೊಂದನ್ನು ಮಾಡಿದವರಲ್ಲ. ಅವರಿಬ್ಬರನ್ನು ಏನು ಮಾಡುವುದು? ಅಡುಗೆ ಮಾಡಿ ಫ್ರೀಜರಿನಲ್ಲಿ ತುಂಬಿಟ್ಟು ಹೋಗುತ್ತೇನೆ, ಅದೂ ಅವರೂರಿನ ಅಡುಗೆಯನ್ನೇ, ಎಂದು ನಾನು ಧೈರ್ಯದಿಂದ ಘೋಷಿಸಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೆಯದು. ನಾನು ಹೇಳುತ್ತೇನೆ, ನೀನು ಮಾಡು" ಎಂದರು.

ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲ ದಿನವೇ ನನಗೆ ತಿಳಿದದ್ದೆಂದರೆ, ಇಂಗ್ಲಿಷ್ ಅಡುಗೆಯಲ್ಲಿ ಕಷ್ಟದ ಭಾಗ ಹಾಕುವುದಲ್ಲ, ಹಾಕದೇ ಇರುವುದು. ಕುರಿಯ ಕೈಮಾ ಬಾಣಲೆಯಲ್ಲಿ ಹುರಿಯುವಾಗ ನನ್ನ ಬಲಗೈ ತಾನಾಗಿಯೇ ಮಸಾಲೆ ಡಬ್ಬಿಯ ಕಡೆ ಹೋಗುತ್ತಿತ್ತು.

"ಬೇಡ" ಎನ್ನುತ್ತಿದ್ದರು ಅತ್ತೆ, ತಲೆ ಎತ್ತದೆ.

"ಒಂದು ಚಿಟಿಕೆ ಜೀರಿಗೆ?"

"ಬೇಡ."

"ಹಾಗಾದರೆ ಇನ್ನೇನು ಹಾಕಲಿ?"

"ತಾಳ್ಮೆ" ಎಂದರು.

ಸ್ಟ್ಯೂವಿನಲ್ಲಿ ತೇಲಿಬಿಡುವ ಹಿಟ್ಟಿನ ಉಂಡೆಗಳಿಗೆ ದನದ ಗಟ್ಟಿ ಕೊಬ್ಬು ಬೇಕಿತ್ತು. ಜಮಿಯಾದ, ಅಂದರೆ ನಮ್ಮ ಬಡಾವಣೆಯ ಸಹಕಾರಿ ಅಂಗಡಿಯ, ಮಾಂಸದ ಕೌಂಟರಿನವನಿಗೆ ಮಾಂಸ ಬೇಡ, ಬರೀ ಕೊಬ್ಬು ಕೊಡು ಎಂದೆ. ಅವನು ಕನಿಕರದಿಂದ, "ಬಿಲ್ಲಿ ಕೇ ಲಿಯೇ, ಮೇಡಂ?" ಎಂದು ಕೇಳಿದ. ಬೆಕ್ಕಿಗಲ್ಲ, ಅತ್ತೆಗೆ ಎಂದೆ. ಅವನು ಬೇಗಬೇಗ ಕಟ್ಟಿಕೊಟ್ಟ.

ಸ್ಟ್ಯೂ ಅಷ್ಟಕ್ಕೇ ಮುಗಿಯಲಿಲ್ಲ. ಅದಕ್ಕೆ ಕಪ್ಪು ಬಿಯರ್ ಸುರಿಯಬೇಕೆಂದು ಅತ್ತೆ. ಮದ್ಯವೇ ನಿಷಿದ್ಧವಾದ ಕುವೈತಿನಲ್ಲಿ ಬಿಯರ್ ಎಲ್ಲಿಂದ ತರಲಿ? ಅಂಗಡಿಯಲ್ಲಿ ಸಿಗುವ ಅಮಲಿಲ್ಲದ ಮಾಲ್ಟ್ ಶರಬತ್ತು ತಂದು ಸುರಿದೆ. ಪಾತ್ರೆಯಲ್ಲಿದ್ದ ದನದ ಮಾಂಸ ಪಾಯಸದ ದಾರಿ ಹಿಡಿಯಿತು. ರುಚಿ ನೋಡಿದ ಮಾವ ಚಮಚ ಕೆಳಗಿಟ್ಟು ಬಾಲ್ಕನಿಗೆ ಹೋದರು. ಆಗ ನಾನು ಒಂದು ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಕಿವುಚಿ, ಅತ್ತೆಯ ಕಣ್ಣೆದುರಿಗೇ ಹಾಕಿದೆ.

"ಏನದು ಕಪ್ಪಗೆ?"

"ಔಷಧಿ."

ಚಮಚದಲ್ಲಿ ಎತ್ತಿ ಚಪ್ಪರಿಸಿದರು. ಕಣ್ಣು ಮುಚ್ಚಿ ಯೋಚಿಸಿದರು. "ಇನ್ನು ಸ್ವಲ್ಪ ಹಾಕು" ಎಂದರು.

ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದರು. ಮನೆಮಾತು ತುಳು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಶುಕ್ರವಾರ ಬೆಳಗ್ಗೆ ತಮ್ಮ ಮನೆಯ ಹಜಾರದಲ್ಲಿ ಸುತ್ತಮುತ್ತಲ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ನಾನಿಲ್ಲದಾಗ ಮುದುಕರ ಮೇಲೆ ಒಂದು ಕಣ್ಣಿಡಿ ಎಂದು ಕೀಲಿಕೈ ಕೊಡಲು ಕರೆದಾಗ, ಅವರು ನಮ್ಮ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು ಮೂಗಿಗೆ ಸೆರಗು ಹಿಡಿದುಕೊಂಡರು.

"ಎಂತ ಮಾರಾಯ್ತಿ ಇದು! ಇಷ್ಟು ಡಬ್ಬಿ! ಮದುವೆ ಊರಲ್ಲಾ, ಇಲ್ಲಿಯಾ?"

ಅಲ್ಯೂಮಿನಿಯಂ ಡಬ್ಬಿಗಳು ಮೇಜಿನ ತುಂಬ ಆರುತ್ತಿದ್ದವು. ಹಮೂರ್ ಮೀನನ್ನು ಹಾಲಿನಲ್ಲಿ ಬೇಯಿಸಿ, ಮೇಲೆ ಬಟಾಟೆ ಅರೆದು ಹೊದಿಸಿದ್ದು ಒಂದು ಬಗೆಯ ಪೈ. ಕುರಿಯ ಕೈಮಾದ ಮೇಲೆ ಅದೇ ಬಟಾಟೆ ಹೊದಿಸಿದ್ದು ಇನ್ನೊಂದು. ಸ್ಟ್ಯೂ. ಮತ್ತೆ ಸೇಬಿನ ಹೋಳುಗಳ ಮೇಲೆ ಮೈದಾ, ಬೆಣ್ಣೆ, ಸಕ್ಕರೆ ಪುಡಿಪುಡಿಯಾಗಿ ಉದುರಿಸಿ ಬೇಯಿಸಿದ ಸಿಹಿ. ಮುಚ್ಚಳ ಹಾಕಿದರೆ ಎಲ್ಲವೂ ಒಂದೇ. ಹೊರಡುವ ಗಡಿಬಿಡಿಯಲ್ಲಿ ಪ್ರತಿ ಡಬ್ಬಿಯ ಮೇಲೂ ಹೆಸರು ಬರೆದು ಫ್ರೀಜರಿಗೆ ತುಂಬಿದೆ. ಬರೆದದ್ದು ಕನ್ನಡದಲ್ಲಿ. ನನ್ನ ಮದುವೆಗೆ ಮೊದಲು ಮಹಬೂಲಾ ಬಡಾವಣೆಯಲ್ಲಿ ಆರು ಮಂದಿ ಹುಡುಗಿಯರು ಒಂದೇ ಫ್ರಿಜ್ ಹಂಚಿಕೊಂಡಿದ್ದಾಗ, ನನ್ನ ಡಬ್ಬಿ ಬೇರೆಯವರ ಪಾಲಾಗದಿರಲೆಂದು ಕನ್ನಡದಲ್ಲಿ ಬರೆಯುವ ಅಭ್ಯಾಸವಾಗಿತ್ತು. ಕೈ ಅದನ್ನು ಮರೆತಿರಲಿಲ್ಲ. ನಾನು ಗಮನಿಸಲೂ ಇಲ್ಲ.

ಗೊತ್ತಾದದ್ದು ಮಂಗಳೂರಿನಲ್ಲಿ, ರೋಸ್ ದಿನ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ ಅದು. ಸೋದರತ್ತೆ ನಾನು, ಎರಡೂ ಕೈ ಹಾಲಾಗಿತ್ತು. ಫೋನು ಬಡಿದುಕೊಂಡಿತು. ಚಿಕ್ಕಮ್ಮ ಎತ್ತಿ ನನ್ನ ಮುಖದೆದುರು ಹಿಡಿದಳು. ವಿಡಿಯೋದಲ್ಲಿ ಮಾವನ ಹಣೆ ಮಾತ್ರ ಕಾಣುತ್ತಿತ್ತು.

"ಒಂದು ಸಣ್ಣ ವಿಷಯ" ಎಂದರು. "ಇವತ್ತಿನ ಕುರಿ ಪೈ ಸ್ವಲ್ಪ ಸಿಹಿಯಾಗಿದೆ."

ಕ್ಯಾಮೆರಾ ತಟ್ಟೆಯ ಕಡೆ ತಿರುಗಿತು. ಸೇಬಿನ ಸಿಹಿ. ಅದರ ಮೇಲೆ ಮಾವ ಧಾರಾಳವಾಗಿ ಮಾಂಸದ ಗ್ರೇವಿ ಸುರಿದು, ಪಕ್ಕದಲ್ಲಿ ಹಸಿರು ಬಟಾಣಿ ಇಟ್ಟಿದ್ದರು.

"ಎಂತ ಅದು?" ಎಂದು ಚಿಕ್ಕಮ್ಮ ಬಗ್ಗಿ ನೋಡಿದಳು. "ಅಯ್ಯೋ ದೇವರೇ, ಪಾಪದವರಿಗೆ ಎಂತ ಕೊಟ್ಟು ಬಂದಿದ್ದಿ ನೀನು?"

ಮಾವ ಮುಚ್ಚಳ ತೋರಿಸಿದಾಗ ನನ್ನ ಅಕ್ಷರ ನನಗೇ ಕಂಡಿತು. ಬ್ಯಾಂಡಿನವರು ಶುರು ಮಾಡಿದ್ದರು, ನಾನು ಅರಚಿದೆ: "ಅದು ಸೇಬು, ಮಾಂವ್! ತಪ್ಪು ನನ್ನದು! ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇನೆ!"

"ಬೇಡ" ಎಂದರು ಮಾವ. ಅವರ ಹಣೆ ಗಂಭೀರವಾಗಿತ್ತು. "ನಾನು ಆಯುಷ್ಯವಿಡೀ ಅಂಚೆಯವನಾಗಿದ್ದೆ. ಎಂತೆಂಥ ಕೈಬರಹ ಓದಿ ಮನೆ ಮುಟ್ಟಿಸಿದ್ದೇನೆ. ನಾಲ್ಕು ಡಬ್ಬಿ ಓದಲಾರೆನೇ?"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಸೇಬು ಚೆನ್ನಾಗಿದೆ. ಬಟಾಣಿ ಬೇಡವಿತ್ತು."

ಮುಂದಿನ ಸಂಗತಿಗಳನ್ನು ಅಕ್ಕ ದಿನದಿನವೂ ಫೋನಿನಲ್ಲಿ ವರದಿ ಮಾಡಿದರು. ನನ್ನ ಗಂಡ ಫೋನಿನ ಕ್ಯಾಮೆರಾದಿಂದ ಅನುವಾದ ಮಾಡುವುದು ಹೇಗೆಂದು ತಂದೆಗೆ ತೋರಿಸಿದ್ದನಂತೆ. ಅದು ಯಾವುದೋ ಡಬ್ಬಿಯ 'ಪೈ'ಯನ್ನು ಕಾಸೆಂದು ತಿಳಿದು 'ಕುರಿಯ ಹಣ' ಎಂದಿತಂತೆ. ಮಾವ ಫೋನನ್ನು ಪಕ್ಕಕ್ಕಿಟ್ಟು, ಒಂದು ಡಬ್ಬಿ ಹಿಡಿದುಕೊಂಡು ಲಿಫ್ಟ್ ಹತ್ತಿ ಅಕ್ಕನ ಬಾಗಿಲು ತಟ್ಟಿದ್ದರು.

"ನಾನು ದೂರದಿಂದಲೇ ಓದಿದೆ ಮಾರಾಯ್ತಿ, ಮುಟ್ಟಲಿಲ್ಲ" ಎಂದರು ಅಕ್ಕ. "ಮೀನು ಪೈ ಅಂತ ಉಂಟು. ನಾನು ಹೇಳಿದೆ, ಇದು ನಮ್ಮ ಉಡುಪಿಯ ಪೈಗಳ ಮನೆಯ ಹುಡುಗಿಯ ಹೆಸರಿನ ಹಾಗೆ ಉಂಟಲ್ಲ, ಮೀನು ಪೈ! ಅವರಿಗೆ ಎಂತ ಅರ್ಥ ಆಗ್ತದೆ? ನಾನೊಬ್ಬಳೇ ನಗಾಡಿದ್ದು."

"ಮತ್ತೆ?"

"ಮತ್ತೆಂತ, ಓದಿ ಹೇಳ್ತೇನೆ ಅಂದ್ರೆ ಕೇಳುದಿಲ್ಲ. ಕಲಿಸು ಅಂತ ಕೂತ್ರು. ಚಹಾ ಕೊಟ್ಟೆ, 'ಮ' ಕಲಿಸಿದೆ."

ಅವರಿಗೆ 'ಮ' ಬೇಗ ಹಿಡಿಯಿತು. 'ಕ' ಕೂಡ. 'ಪ'ಕ್ಕೂ 'ಷ'ಕ್ಕೂ ಕೆಲವು ದಿನ ಜಗಳವಾಯಿತು. ಆದರೆ 'ಸ್ಟ್ಯೂ' ಎಂಬ ಪದದ ಮುಂದೆ ಅವರು ಸೋತು ಕೂತರಂತೆ. ಒಂದಕ್ಷರದ ಕೆಳಗೆ ಇನ್ನೊಂದು, ಅದರ ಪಕ್ಕ ಮತ್ತೊಂದು, ಕೊನೆಗೊಂದು ಕೊಂಬು. "ಮನೆ ಬದಲಿಸುವವರ ಲಾರಿಯ ಹಾಗಿದೆ" ಎಂದು ನನಗೆ ಸಂದೇಶ ಕಳಿಸಿದರು. ಮರುದಿನ ಒಂದು ಫೋಟೋ ಬಂತು: ಹಾಳೆಯ ತುಂಬ ನಡುಗುವ ಅಕ್ಷರದಲ್ಲಿ ಸ್ಟ್ಯೂ, ಸ್ಟ್ಯೂ, ಸ್ಟ್ಯೂ. ಮದುವೆ ಮನೆಯಲ್ಲಿ ಅದು ಎಲ್ಲರ ಕೈಗೂ ಹೋಗಿಬಂತು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ಇವರ ಅಕ್ಷರ ಅಣ್ಣನ ಅಕ್ಷರಕ್ಕಿಂತ ವಾಸಿ ಎಂದು ತೀರ್ಪು ಕೊಟ್ಟಳು.

ನಾನು ಕುವೈತಿಗೆ ಮರಳಿದ್ದು ಗುರುವಾರ. ಮರುದಿನ ಬೆಳಗ್ಗೆ ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿ, ಪೆನ್ಸಿಲ್ ಹಿಡಿದು ಹೊರಟರು. ಎಲ್ಲಿಗೆ ಎಂದರೆ ಕ್ಲಾಸಿಗೆ ಎಂದರು. ನಾನೂ ಮೇಲೆ ಹೋಗಿ ನೋಡಿದೆ. ಚಾಪೆಯ ಮೇಲೆ ಮಕ್ಕಳು, ಅವರ ನಡುವೆ ಕುರ್ಚಿಯಲ್ಲಿ ಮಾವ. ಅಕ್ಕ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಅವು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮಾವನನ್ನು, ನಿಮಗೆ ಕನ್ನಡ ಯಾಕೆ, ನೀವು ಕರ್ನಾಟಕದವರಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಊಟ" ಎಂದರು ಮಾವ, ಕನ್ನಡದಲ್ಲಿ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ಅಕ್ಕ ಬೋರ್ಡಿನ ಮೇಲೆ ಬರೆದ ಪದವನ್ನು ಮಾವ ಮೊದಲು ಓದಿಬಿಟ್ಟಾಗ ಆ ಹುಡುಗಿಯ ನಗು ನಿಂತಿತು. ಮುಂದಿನ ವಾರ ಅವಳು ಪುಸ್ತಕ ಓದಿಕೊಂಡು ಬಂದಿದ್ದಳಂತೆ. "ಇಷ್ಟು ವರ್ಷ ನಾನು ಬೊಬ್ಬೆ ಹಾಕಿದ್ದು ಆಗ್ಲಿಲ್ಲ, ಅಜ್ಜನಿಂದ ಆಯ್ತು" ಎಂದರು ಅಕ್ಕ.

ನಾನು ಕ್ಲಾಸು ನೋಡಿ ಬಂದ ಆ ಶುಕ್ರವಾರ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಅತ್ತೆ ಒಂದು ಬಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತರು. ಚಮಚಗಳನ್ನು ಒಂದೊಂದಾಗಿ ಒರೆಸಿದರು.

"ಐವತ್ತು ವರ್ಷಕ್ಕಿಂತ ಹೆಚ್ಚು ಇವರಿಗೆ ಬಡಿಸಿದೆ" ಎಂದರು. "ಏನು ಅಡುಗೆ ಎಂದು ಒಂದು ದಿನವೂ ಕೇಳಿದವರಲ್ಲ. ಇಟ್ಟದ್ದನ್ನು ತಿಂದರು, ಥ್ಯಾಂಕ್ಸ್ ಎಂದರು. ನೀನಿಲ್ಲದಾಗ ದಿನಾ ಡಬ್ಬಿ ಹಿಡಿದು ಬಂದು, ಓದಿ, ಇವತ್ತು ನಿನಗೆ ಇದು ಎಂದು ನನಗೆ ಹೇಳಿ, ಬಿಸಿ ಮಾಡಿ, ಬಡಿಸಿದರು. ನಾನು ಸುಮ್ಮನೆ ಕೂತು ತಿಂದೆ."

"ಥ್ಯಾಂಕ್ಸ್ ಹೇಳಿದಿರಾ?" ಎಂದೆ.

"ಒಂದೆರಡು ದಿನ ಮರೆತೆ" ಎಂದು ಅತ್ತೆ ತುಟಿ ಬಿಗಿಹಿಡಿದು ನಕ್ಕರು.

ಇಷ್ಟಕ್ಕೆಲ್ಲ ಅಕ್ಕನಿಗೆ ಒಂದು ಊಟ ಹಾಕದಿದ್ದರೆ ಹೇಗೆ? ಮಾಂಸ, ಮೊಟ್ಟೆ ಇಲ್ಲದ ಇಂಗ್ಲಿಷ್ ಅಡುಗೆ ಏನಿದೆ ಎಂದು ಕೇಳಿದಾಗ ಅತ್ತೆ ಹೂಕೋಸು ಚೀಸ್ ಎಂದರು. ಅಕ್ಕನಿಗಾಗಿ ಹೊಸ ಪಾತ್ರೆಯನ್ನೇ ತಂದೆ. ಬೇಯಿಸಿದ ಹೂಕೋಸಿನ ಮೇಲೆ ಹಾಲು, ಮೈದಾ, ಚೀಸಿನ ಬಿಳಿ ಸಾಸ್ ಸುರಿದು ಅವನ್‌ನಲ್ಲಿ ಹೊಂಬಣ್ಣ ಬರುವ ತನಕ ಇಟ್ಟೆವು. ಅಕ್ಕ ಒಂದು ಚಮಚ ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ನನ್ನ ಕಡೆ ವಾಲಿದರು.

"ಒಂದು ಒಗ್ಗರಣೆ ಹಾಕಿದ್ರೆ ಆಗ್ತಿತ್ತು, ಅಲ್ವಾ?"

ಅತ್ತೆಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಏನಂತೆ ಎಂದರು. ನಾನು ಅಳುಕುತ್ತಲೇ ಹೇಳಿದೆ. ಅವರು ಅಕ್ಕನ ಮುಖ ನೋಡಿ, ಅಡುಗೆಮನೆಯ ಕಡೆ ಕೈ ತೋರಿಸಿದರು. ಅಕ್ಕ ಎದ್ದು ಹೋಗಿ, ಮೆಣಸು ಬಿಟ್ಟು, ಬರೀ ಸಾಸಿವೆ ಕರಿಬೇವಿನ ಒಗ್ಗರಣೆ ಚಟಪಟ ಸಿಡಿಸಿಕೊಂಡು ಬಂದು ಅತ್ತೆಯ ತಟ್ಟೆಯ ಮೇಲೇ ಮೊದಲು ಸುರಿದರು. ಅತ್ತೆ ಫೋರ್ಕಿನ ತುದಿಯಿಂದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು, ಸಾಸಿವೆಯನ್ನು ಹಾಗೇ ಬಿಟ್ಟು ತಿನ್ನತೊಡಗಿದರು. ಮಾವ ತಮ್ಮ ತಟ್ಟೆಯನ್ನೂ ಮುಂದೆ ತಳ್ಳಿದರು.